ಹೊಗೆ ಗಾಳಿಯಲ್ಲಿ ಓಡಲು ಯಾವ ಮಾಸ್ಕ್?

ಬಟ್ಟೆ ಮಾಸ್ಕನ್ನು ಮೊದಲೇ ಪಕ್ಕಕ್ಕಿಡಿ. ಕಣ್ಣಿಗೆ ಕಾಣುವ ದೂಳನ್ನು ಅಷ್ಟಿಷ್ಟು ತಡೆಯುತ್ತದೆ, ಪಿಎಂ 2.5, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಮುಂದೆ ಅದರ ಆಟ ಅಷ್ಟಾಗಿ ನಡೆಯಲ್ಲ. ಸರ್ಜಿಕಲ್ ಮಾಸ್ಕ್ ಸೋಸುವುದರಲ್ಲಿ ಪರವಾಗಿಲ್ಲ, ಕೆನ್ನೆ ಪಕ್ಕದ ಸಂದಿಯೇ ತೊಂದರೆ. ಏದುಸಿರು ಬಂದಾಗ ಗಾಳಿ ಅಲ್ಲಿಂದಲೇ ಒಳಗೆ ನುಗ್ಗುತ್ತದೆ.

ಉಳಿಯುವುದು ಎರಡು. ಎನ್95 ಮಾಸ್ಕ್‌ನ ಫಿಲ್ಟರ್ 0.3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಕಣಗಳನ್ನೂ ಕನಿಷ್ಠ ಶೇ. 95ರಷ್ಟು ತಡೆಯುತ್ತದೆ. ಆದರೆ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಇದ್ದರೆ ಕೂರುವುದಿಲ್ಲ. ಹಾಕಿಕೊಂಡು ಜೋರಾಗಿ ಉಸಿರು ಬಿಟ್ಟು ನೋಡಿ. ಕಣ್ಣಿಗೆ ಗಾಳಿ ತಾಗಿದರೆ ಮೂಗಿನ ಮೇಲಿನ ಪಟ್ಟಿಯನ್ನು ಇನ್ನಷ್ಟು ಒತ್ತಿ. ಓಟಕ್ಕೆ ವಾಲ್ವ್ ಇರುವುದೇ ವಾಸಿ, ಬಿಸಿಯುಸಿರು ಬೇಗ ಹೊರಹೋಗುತ್ತದೆ. ಬೆವರಿಗೆ ಒದ್ದೆಯಾದರೆ ಮಾತ್ರ ಉಸಿರಾಡಲು ಕಷ್ಟ, ಬದಲಿಸಲೇಬೇಕು.

ಇನ್ನೊಂದು, ಫಿಲ್ಟರ್ ಬದಲಿಸುವ ಸ್ಪೋರ್ಟ್ಸ್ ಮಾಸ್ಕ್. ಅನೇಕ ಮಾದರಿಗಳ ಹೊರಕವಚ ತೊಳೆಯಬಹುದು, ದಿನಾ ಸೈಕಲ್ ತುಳಿಯುವವರಿಗೆ ಅನುಕೂಲ. ಫಿಲ್ಟರ್ ದರ್ಜೆ ಬರೆದಿಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಚೆಂದದ ಬಣ್ಣ ಕಟ್ಟಿಕೊಂಡು ಏನು ಮಾಡೋದು, ಅಲ್ವಾ? ಇದ್ದಿಲಿನ ಪದರ ವಾಸನೆ ತಗ್ಗಿಸಬಹುದು, ವಾಹನದ ಹೊಗೆಯಲ್ಲಿರುವ ಅನಿಲಗಳನ್ನೆಲ್ಲ ತಡೆಯುವುದಿಲ್ಲ.

ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಯಾವುದನ್ನೇ ಹಾಕಿ ಓಡುವ ಮೊದಲು ವೈದ್ಯರನ್ನು ಕೇಳಿ. ಓಡುವಾಗ ತಲೆ ಸುತ್ತಿದರೆ ನಿಂತು, ಮಾಸ್ಕ್ ತೆಗೆಯಿರಿ.