ಪ್ರಾಜೆಕ್ಟ್ ನಡುವೆ ಬದಲಾವಣೆ, ಜೊತೆಗೆ ಗುಣಮಟ್ಟ: ಒಂದು ಆನ್‌ಲೈನ್ ಕೋರ್ಸ್ ಬಗ್ಗೆ

ಪ್ರಾಜೆಕ್ಟ್ ನಿರ್ವಹಣೆ ಕಲಿಸುವ ಕೋರ್ಸ್‌ಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಕಟ್ಟಡ ಕಟ್ಟುವುದನ್ನೋ ಸಾಫ್ಟ್‌ವೇರ್ ಬರೆಯುವುದನ್ನೋ ಉದಾಹರಣೆಯಾಗಿ ಹಿಡಿಯುತ್ತವೆ. ತರಗತಿಯೊಳಗೆ ನಡೆಯುವ ಕೆಲಸಕ್ಕೆ ಅವು ಅಷ್ಟಾಗಿ ಹೊಂದುವುದಿಲ್ಲ. ನಾನು ಈಚೆಗೆ ಮುಗಿಸಿದ ಕೋರ್ಸ್ ಶಿಕ್ಷಣದ ಪ್ರಾಜೆಕ್ಟ್‌ಗಳಿಗೆಂದೇ ಮಾಡಿದ್ದು. ಅದರಲ್ಲೂ ಬದಲಾವಣೆಯ ನಿರ್ವಹಣೆ ಮತ್ತು ಗುಣಮಟ್ಟ, ಈ ಎರಡೇ ವಿಷಯ. ಸಣ್ಣ ವಿಡಿಯೊಗಳು, ಓದುವ ಸಾಮಗ್ರಿ, ಭರ್ತಿ ಮಾಡುವ ನಮೂನೆಗಳು, ವಾರಕ್ಕೊಮ್ಮೆ ಮಾರ್ಗದರ್ಶಕರ ಜೊತೆ ಮಾತುಕತೆ.

ನಾನು ಚಿಕ್ಕ ಮಕ್ಕಳ ಓದಿನ ಪ್ರಾಜೆಕ್ಟ್ ನೋಡಿಕೊಳ್ಳುತ್ತೇನೆ. ಶಿಕ್ಷಕರ ತರಬೇತಿ, ವರ್ಕ್‌ಶೀಟ್, ಶಾಲಾ ಭೇಟಿ, ಮೌಲ್ಯಮಾಪನ ಎಲ್ಲ ಅದರಲ್ಲಿದೆ. ಹಾಗಾಗಿ ಈ ಕೋರ್ಸ್ ನನ್ನ ದಿನದ ಕೆಲಸಕ್ಕೆ ಎಷ್ಟು ಒದಗಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಷ್ಟವಾಗಿದ್ದನ್ನು ಹೇಳುತ್ತೇನೆ. ಬದಲಾವಣೆ ಕೋರಿಕೆಗೆ ಇವರು ಕೊಡುವ ನಮೂನೆ ಒಂದೇ ಪುಟದ್ದು. ಯಾರು ಕೇಳಿದರು, ಯಾಕೆ ಕೇಳಿದರು, ಸಮಯ ಮತ್ತು ಹಣ ಎಷ್ಟು ಜಾಸ್ತಿ ಬೇಕು, ಯಾರ ಕೆಲಸ ಹೆಚ್ಚಾಗುತ್ತದೆ, ಯಾರು ಒಪ್ಪಿಗೆ ಕೊಡಬೇಕು, ಯಾವ ದಿನದಿಂದ ಜಾರಿ. ಇವೆಲ್ಲ ಬೇರೆ ಕಡೆಯೂ ಇರುತ್ತವೆ. ಇಲ್ಲಿ ಇನ್ನೊಂದು ಕಾಲಂ ಇದೆ: ಈ ಬದಲಾವಣೆಯಿಂದ ಯಾವ ಗುಣಮಟ್ಟದ ಅಳತೆಗೆ ಪೆಟ್ಟು ಬೀಳಬಹುದು? ಅದು ಖಾಲಿ ಇದ್ದರೆ ಕೋರಿಕೆ ಚರ್ಚೆಗೇ ಬರುವುದಿಲ್ಲ. ಬದಲಾವಣೆ ಬೇರೆ, ಗುಣಮಟ್ಟ ಬೇರೆ ಎಂದು ಎರಡು ಫೈಲ್ ಇಡುವ ಅಭ್ಯಾಸವನ್ನೇ ಆ ಒಂದು ಕಾಲಂ ಮುರಿಯುತ್ತದೆ.

ಇದಕ್ಕೆ ಅವರು ಕೊಟ್ಟ ಉದಾಹರಣೆ ಓದಿನ ಪರೀಕ್ಷೆಯದ್ದು. ಪ್ರಾಜೆಕ್ಟ್ ಶುರುವಾಗುವ ಮುಂಚೆ ಮಕ್ಕಳಿಗೆ ಒಂದು ಪಠ್ಯ ಓದಿಸಿ, ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತಾರೆ, ಓದಿದ್ದು ಎಷ್ಟು ಅರ್ಥವಾಯಿತು ಎಂದು ಅಳೆದಿರುತ್ತೇವೆ. ಇದು ಬೇಸ್‌ಲೈನ್. ಅರ್ಧ ದಾರಿಗೆ ಬಂದಾಗ ಯಾರೋ 'ಈ ಪಠ್ಯ ಕಷ್ಟ, ಸುಲಭದ್ದು ಹಾಕೋಣ' ಅನ್ನುತ್ತಾರೆ. ಕೇಳಲು ಮಕ್ಕಳ ಪರವಾದ ಮಾತು. ಆದರೆ ಪಠ್ಯ ಬದಲಾದ ಮೇಲೆ ಅಂಕ ಏರಿದರೆ ಅದು ಮಕ್ಕಳು ಕಲಿತದ್ದರಿಂದಲೋ, ಪಠ್ಯ ಸುಲಭವಾದದ್ದರಿಂದಲೋ? ಹೇಳಲು ಆಗುವುದೇ ಇಲ್ಲ. ಮೊದಲ ಅಳತೆ ವ್ಯರ್ಥವಾಗುತ್ತದೆ. ಬದಲಿಸಲೇಬೇಕು ಎಂದಾದರೆ ಕೆಲವು ಮಕ್ಕಳಿಗೆ ಹಳೆಯದು, ಹೊಸದು ಎರಡನ್ನೂ ಓದಿಸಿ, ಎರಡರ ನಡುವಿನ ವ್ಯತ್ಯಾಸ ತಿಳಿದುಕೊಂಡೇ ಮುಂದೆ ಹೋಗಬೇಕು. ಯಾವ ಪಠ್ಯ ಮೊದಲು ಎಂಬುದನ್ನೂ ಅರ್ಧ ಮಕ್ಕಳಿಗೆ ಅದಲು ಬದಲು ಮಾಡಬೇಕು, ಇಲ್ಲದಿದ್ದರೆ ಎರಡನೇ ಸಲ ಓದುವಾಗಿನ ರೂಢಿಯೋ ದಣಿವೋ ಲೆಕ್ಕ ಕೆಡಿಸುತ್ತದೆ. ಇಷ್ಟು ವಿವರಕ್ಕೆ ಇಳಿದ ಕೋರ್ಸ್ ನಾನು ಬೇರೆ ನೋಡಿಲ್ಲ.

ಎರಡನೆಯದು, ಯಾವಾಗ ಬದಲಾಯಿಸಬಾರದು ಎಂಬ ಪಾಠ. ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್, ಅಂದರೆ ಏರಿಳಿತ ಸಹಜ ಮಿತಿಯೊಳಗಿದೆಯೇ ಎಂದು ತೋರಿಸುವ ಗ್ರಾಫ್, ರೂಪಿಸಿದ್ದು ಕಾರ್ಖಾನೆಯ ಕೆಲಸಕ್ಕೆ. ಯಾವ ಅಳತೆಯೂ ದಿನ ದಿನಕ್ಕೆ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಆ ಸಹಜ ಏರಿಳಿತ ಬೇರೆ, ನಿಜವಾಗಿ ಏನೋ ಕೆಟ್ಟಿದ್ದರಿಂದ ಬಂದ ಇಳಿತ ಬೇರೆ. ಶೂಹಾರ್ಟ್ ಅವರ ವಿಚಾರವನ್ನು ಮುಂದಕ್ಕೆ ಒಯ್ದ ಎಡ್ವರ್ಡ್ಸ್ ಡೆಮಿಂಗ್, ಸಹಜ ಏರಿಳಿತಕ್ಕೆಲ್ಲ ಕೈಹಾಕುತ್ತಾ ಹೋದರೆ ಕೆಲಸ ಇನ್ನಷ್ಟು ಹದಗೆಡುತ್ತದೆ ಎಂದು ತೋರಿಸಿದರು. ಕೋರ್ಸ್ ಇದನ್ನು ಹಾಜರಾತಿ ಮತ್ತು ವರ್ಕ್‌ಶೀಟ್ ಅಂಕಗಳ ಮೇಲೆ ಮಾಡಿಸುತ್ತದೆ. ಒಂದು ತಿಂಗಳು ಒಂದು ಶಾಲೆಯ ಅಂಕ ಇಳಿದ ಕೂಡಲೇ ಇಡೀ ತರಬೇತಿಯನ್ನೇ ಬದಲಿಸಲು ಹೊರಡುವವರಿಗೆ ಈ ಅಭ್ಯಾಸ ಬೇಕೇ ಬೇಕು. ಸುಮ್ನೆ ಗ್ರಾಫ್ ನೋಡಿ ಗಾಬರಿಯಾಗುವುದು ನಿಲ್ಲುತ್ತದೆ.

ಗುಣಮಟ್ಟದ ಭಾಗವೂ ಗಟ್ಟಿಯಾಗಿದೆ. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯಲು ಶುರುಮಾಡಿದ ನಾಲ್ಕು ಹಂತಗಳು ತರಬೇತಿ ನಡೆಸುವ ಅನೇಕರಿಗೆ ಗೊತ್ತು: ತರಬೇತಿ ಹೇಗನ್ನಿಸಿತು, ಏನು ಕಲಿತರು, ಕಲಿತದ್ದನ್ನು ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಏನಾಯಿತು. ಗೊತ್ತಿದ್ದರೂ ನಮ್ಮಲ್ಲಿ ಹೆಚ್ಚಿನ ಪ್ರಾಜೆಕ್ಟ್‌ಗಳು ಮೊದಲ ಹಂತದಲ್ಲೇ ನಿಂತುಬಿಡುತ್ತವೆ, ಅಲ್ವಾ? ತರಬೇತಿಯ ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿದರೆ ಮುಗಿಯಿತು. ಈ ಕೋರ್ಸ್ ಮೂರನೇ ಹಂತವನ್ನು ಹಿಡಿದು ಬಿಡುವುದಿಲ್ಲ. ತರಗತಿ ವೀಕ್ಷಣೆಗೆ ಹೋಗುವ ಇಬ್ಬರು ಒಂದೇ ಪಾಠವನ್ನು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಬೇಕು. ಇಬ್ಬರ ಅಂಕ ಎಷ್ಟು ಸಲ ಕೂಡಿತು ಎಂದು ಬರೀ ಶೇಕಡಾವಾರಿನಲ್ಲಿ ನೋಡಿದರೆ ಸಾಲದು. ಆಕಸ್ಮಿಕವಾಗಿಯೂ ಇಬ್ಬರ ಅಂಕ ಕೂಡಬಹುದು. ಅದನ್ನು ಕಳೆದು ನೋಡಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅಳತೆಯನ್ನು ಸ್ಪ್ರೆಡ್‌ಶೀಟಿನಲ್ಲೇ ಲೆಕ್ಕ ಹಾಕುವುದನ್ನು ಕಲಿಸುತ್ತಾರೆ. ನಮ್ಮ ತಂಡದಲ್ಲಿ ಇದನ್ನು ಮಾಡಿದೆವು. 'ಮಕ್ಕಳು ಪಾಲ್ಗೊಂಡರು' ಎಂಬ ಸಾಲಿನಲ್ಲಿ ಇಬ್ಬರಿಗೂ ಹೊಂದಲೇ ಇಲ್ಲ. ಒಬ್ಬರಿಗೆ ಕೈ ಎತ್ತಿದರೆ ಪಾಲ್ಗೊಂಡಂತೆ, ಇನ್ನೊಬ್ಬರಿಗೆ ಮಗು ತನ್ನ ಮಾತಿನಲ್ಲಿ ಉತ್ತರ ಹೇಳಬೇಕು. ಆ ಸಾಲನ್ನು ಬಿಡಿಸಿ ಬರೆದ ಮೇಲೆ ವೀಕ್ಷಣಾ ವರದಿಗಳನ್ನು ನಂಬಿ ನಿರ್ಧಾರ ತೆಗೆದುಕೊಳ್ಳುವುದು ಸಾಧ್ಯವಾಯಿತು.

ಐಎಸ್‌ಒ 21001 ಬಗ್ಗೆಯೂ ಒಂದು ಪಾಠವಿದೆ. ಶಿಕ್ಷಣ ಸಂಸ್ಥೆಗಳ ನಿರ್ವಹಣೆಗೆಂದು 2018ರಲ್ಲಿ ಮೊದಲು ಬಂದ ಅಂತರರಾಷ್ಟ್ರೀಯ ಮಾನದಂಡ ಅದು. ಪರಿಚಯಕ್ಕೆ ಸಾಕು, ಸಣ್ಣ ತಂಡಗಳು ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಕಿಲ್ಲ.

ಇನ್ನು ಕೊರತೆಗಳು. ದೊಡ್ಡದು ಜನರ ಬಗೆಗಿನ ಭಾಗ. ನಿರ್ವಹಣಾ ತಜ್ಞ ಜಾನ್ ಕಾಟರ್ 1995ರಲ್ಲಿ ಕಂಪನಿಗಳ ಬದಲಾವಣೆಯನ್ನು ಇಟ್ಟುಕೊಂಡು ಬರೆದ ಎಂಟು ಹೆಜ್ಜೆಗಳನ್ನು ಹಾಗೇ ತಂದು ಶಾಲೆಗೆ ಹೊಂದಿಸಲು ನೋಡುತ್ತಾರೆ. ಮೊದಲ ಹೆಜ್ಜೆಯೇ ತುರ್ತಿನ ಭಾವ ಮೂಡಿಸುವುದು. ಶಿಕ್ಷಕರಿಗೆ ತುರ್ತಿನ ಕೊರತೆ ಇಲ್ಲವೇ ಇಲ್ಲ. ಪಾಠ, ಪರೀಕ್ಷೆ, ದಾಖಲೆ ಬರೆಯುವುದು, ಎಲ್ಲ ಒಟ್ಟಿಗೇ ಅವರ ಮೇಲಿರುತ್ತದೆ. ಹೊಸ ವಿಧಾನ ಬಂದಾಗ ಅವರು ಕೇಳುವ ಪ್ರಶ್ನೆ ಬೇರೆ. 'ಮೇಡಂ, ಇದನ್ನು ಸೇರಿಸಿದ್ದೀರಿ, ಸರಿ. ಯಾವುದನ್ನು ಬಿಡಬೇಕು ಅಂತ ಹೇಳಿ' ಎಂದು ಒಬ್ಬ ಶಿಕ್ಷಕಿ ನನ್ನನ್ನು ನೇರವಾಗಿ ಕೇಳಿದ್ದರು. ಬದಲಾವಣೆ ಕೋರಿಕೆಯ ನಮೂನೆಯಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ನಾನು 'ಇದರ ಬದಲು ಏನು ಕೈಬಿಡುತ್ತೇವೆ' ಎಂಬ ಕಾಲಂ ಸೇರಿಸಿಕೊಂಡಿದ್ದೇನೆ. ಕೋರ್ಸ್ ರೂಪಿಸಿದವರೂ ಸೇರಿಸಬೇಕು ಎಂದು ಬರೆದು ಕಳಿಸಿದ್ದೇನೆ.

ಪರೀಕ್ಷೆಯ ವಿಧಾನವೂ ಹಿಡಿಸಲಿಲ್ಲ. ಗುಣಮಟ್ಟ ಕಲಿಸುವ ಕೋರ್ಸು ಕೊನೆಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಿಂದ ಪ್ರಮಾಣಪತ್ರ ಕೊಡುತ್ತದೆ. ಕಲಿತವರು ತಮ್ಮ ಪ್ರಾಜೆಕ್ಟಿನ ಒಂದು ನಿಜವಾದ ಕೋರಿಕೆಯನ್ನು ತುಂಬಿ ಕಳಿಸಿ, ಅದನ್ನು ಇನ್ನೊಬ್ಬ ಕಲಿಕಾರ್ಥಿ ಪರಿಶೀಲಿಸಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ವಿಡಿಯೊಗಳ ಧ್ವನಿ ಅಲ್ಲಲ್ಲಿ ಕ್ಷೀಣ. ಮಾರ್ಗದರ್ಶಕರು ಮಾತ್ರ ತಾಳ್ಮೆಯವರು, ಬರೆದು ಕೇಳಿದ ಪ್ರಶ್ನೆಗೆ ಬರೆದೇ ಉತ್ತರಿಸುತ್ತಾರೆ.

ತರಬೇತಿ, ಪಠ್ಯ ಸಾಮಗ್ರಿ, ಮೌಲ್ಯಮಾಪನ ಈ ಮೂರರಲ್ಲಿ ಯಾವುದಾದರೂ ಒಂದನ್ನು ಹೊತ್ತಿರುವವರು ಖಂಡಿತ ಸೇರಬಹುದು. ಪ್ರಾಜೆಕ್ಟ್ ಇನ್ನೂ ಯೋಜನೆಯ ಹಂತದಲ್ಲಿದ್ದರೆ ಲಾಭ ಹೆಚ್ಚು, ಯಾಕೆಂದರೆ ಬೇಸ್‌ಲೈನ್ ಅಳತೆಗೆ ಹೋಗುವ ಮುಂಚೆಯೇ ಪಠ್ಯ, ವೀಕ್ಷಣಾ ಪಟ್ಟಿ ಎರಡನ್ನೂ ಸಣ್ಣದಾಗಿ ಪೈಲಟ್ ಮಾಡಿ ಸರಿಪಡಿಸಿಕೊಳ್ಳಬಹುದು. ಆಗಲೇ ಅರ್ಧ ಮುಗಿದಿದ್ದರೆ ನೇರವಾಗಿ ಬದಲಾವಣೆ ಕೋರಿಕೆಯ ಪಾಠಕ್ಕೆ ಹೋಗಿ. ಸಾಧ್ಯವಾದರೆ ಹಣಕಾಸು ನೋಡುವ ಸಹೋದ್ಯೋಗಿಯನ್ನೂ ಜೊತೆಗೆ ಸೇರಿಸಿ. ಆ ನಮೂನೆಯ ಅರ್ಧ ಕಾಲಂಗಳಿಗೆ ಉತ್ತರ ಇರುವುದು ಅವರ ಹತ್ತಿರ.