ದಾವಣಗೆರೆಯಲ್ಲಿ ಕೊಲೈಟಿಸ್ ಚಿಕಿತ್ಸೆ: ವರ್ಷಗಟ್ಟಲೆ ತೋರಿಸಿಕೊಂಡವನ ಅನುಭವ

ನನಗಿರೋದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು, ಮಲದಲ್ಲಿ ರಕ್ತ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಗ್ಯಾಸ್ಟ್ರೋ ವಿಭಾಗದಲ್ಲಿ ವರ್ಷಗಳಿಂದ ತೋರಿಸಿಕೊಳ್ತಿದ್ದೀನಿ. ಕಟ್ಟಡ, ಮಷೀನು, ಪಾರ್ಕಿಂಗ್ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಶೌಚಾಲಯದ ಬಗ್ಗೆ.

ಜಗಳೂರಿನಿಂದ ಬಸ್ಸಲ್ಲಿ ಬರ್ತೀನಿ. ಈ ಕಾಯಿಲೆ ಕೆರಳಿದಾಗ ಬಸ್ ಪ್ರಯಾಣ ಅಂದ್ರೆ ಏನು ಅಂತ ಇದ್ದವರಿಗೇ ಗೊತ್ತು. ಹಿಂದಿನ ರಾತ್ರಿಯಿಂದ ಊಟ ಬಿಟ್ಟು, ಬೆಳಗ್ಗೆ ಕಾಫಿಯನ್ನೂ ಮುಟ್ಟದೆ ಹೊರಡ್ತೀವಿ. ಹೊಟ್ಟೆ ತಿರುಚಿತು ಅಂದ್ರೆ ತಡೆಯೋಕೆ ಸಿಗೋದು ಒಂದೆರಡು ನಿಮಿಷ ಅಷ್ಟೆ. ಹಂಗೂ ಹಿಂಗೂ ಆಸ್ಪತ್ರೆ ಮುಟ್ಟಿ, ಟೋಕನ್ ತಗೊಂಡು ಕೂತ್ರೆ, ಓಪಿಡಿ ಪಕ್ಕದ ಶೌಚಾಲಯಕ್ಕೆ ಬೀಗ! ಕೀ ಸೆಕ್ಯುರಿಟಿಯವರ ಹತ್ರ. ಅವರು ಗೇಟಲ್ಲಿ. ಇಲ್ಲಾಂದ್ರೆ ಕೆಳಗಿನ ಮಹಡಿಗೆ ಹೋಗಬೇಕು, ಅಲ್ಲಿ ಎಕ್ಸ್‌ರೇಗೆ ಬಂದವರ ಸಾಲು. ಕೊಲೊನೊಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳನ್ನ ನೋಡುವ ಪರೀಕ್ಷೆ) ಅಂತ ಲೀಟರ್‌ಗಟ್ಟಲೆ ಔಷಧಿ ನೀರು ಕುಡಿದು ಬಂದ ವಯಸ್ಸಾದ ಅಜ್ಜಿಯೊಬ್ಬರು ಆ ಬಾಗಿಲ ಹಿಡಿಕೆ ಹಿಡ್ಕೊಂಡು ನಿಂತಿದ್ದನ್ನ ನೋಡಿದೀನಿ. ಸೊಸೆ ಕೀ ತರೋಕೆ ಓಡಿದ್ರು. ಅಜ್ಜಿ ಸೆರಗಲ್ಲಿ ಮುಖ ಮುಚ್ಕೊಂಡು ಗೋಡೆಗೆ ತಿರುಗಿದ್ರು. ಇದು ಮೂಳೆ ವಿಭಾಗವಲ್ಲ, ಕಣ್ಣಿನ ವಿಭಾಗವಲ್ಲ. ಇಲ್ಲಿಗೆ ಬರೋರ ಕಾಯಿಲೆಯೇ ಅದು. ಗಲೀಜು ಮಾಡ್ತಾರೆ, ಹೊರಗಿನವರು ನುಗ್ತಾರೆ ಅಂತ ಬೀಗ ಹಾಕಿದೀವಿ ಅಂತಾರೆ. ತೊಳೆಯೋಕೆ ಇನ್ನೊಬ್ಬರನ್ನ ಇಡಿ ಸ್ವಾಮಿ, ಬೀಗ ಹಾಕಬೇಡಿ. ದೂರು ಪುಸ್ತಕದಲ್ಲಿ ಬರೆದಿದೀನಿ, ಮ್ಯಾನೇಜರ್‌ಗೂ ಹೇಳಿದೀನಿ. ಸ್ವಲ್ಪ ದಿನ ತೆಗೆದಿದ್ರು, ಆಮೇಲೆ ಮತ್ತೆ ಬೀಗ.

ಹಾಗಿದ್ರೂ ಬೇರೆ ಕಡೆ ಯಾಕೆ ಹೋಗಿಲ್ಲ? ಅಲ್ಲಿನ ಸಿಸ್ಟರ್ ಒಬ್ಬರಿಂದಾಗಿ.

ಮೊದಲು ನನಗೆ ಊರಲ್ಲಿ ಪೈಲ್ಸ್ ಅಂತ ಮುಲಾಮು ಕೊಟ್ಟು ತಿಂಗಳುಗಟ್ಟಲೆ ಕಳೆದ್ರು. ಇಲ್ಲಿನ ಡಾಕ್ಟರು ಮೊದಲ ಭೇಟಿಯಲ್ಲೇ ಕೊಲೊನೊಸ್ಕೋಪಿ ಬರೆದ್ರು, ಕರುಳಿನ ಬೇರೆ ಬೇರೆ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ಕ್ರೋನ್ಸ್ ಅನ್ನೋ ಇನ್ನೊಂದು ಕರುಳಿನ ಉರಿಯೂತದ ಕಾಯಿಲೆಯ ಹಾಗೇ ಕಾಣಿಸುತ್ತೆ, ಅದನ್ನ ಬೇರೆ ಮಾಡಿ ನೋಡದೆ ಔಷಧಿ ಶುರು ಮಾಡಬಾರದು ಅಂತ ಬಿಡಿಸಿ ಹೇಳಿದ್ರು. ಸ್ಟಿರಾಯ್ಡ್ ಕೊಟ್ಟಾಗ ವಾರವಾರಕ್ಕೂ ಎಷ್ಟು ಇಳಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ರು, ಒಮ್ಮೆಲೇ ನಿಲ್ಲಿಸಬೇಡಿ ಅಂತ ಕೆಂಪು ಪೆನ್ನಲ್ಲಿ ಗೆರೆ ಎಳೆದ್ರು. ಆಮೇಲೆ ಅಜಥಯೋಪ್ರಿನ್ ಶುರುವಾಯ್ತು, ರೋಗನಿರೋಧಕ ಶಕ್ತಿಯನ್ನ ತಗ್ಗಿಸಿ ಉರಿಯೂತ ಇಳಿಸುವ ಮಾತ್ರೆ ಅದು. ಈ ಮಾತ್ರೆಗೆ ಬಿಳಿ ರಕ್ತಕಣ ಕಡಿಮೆಯಾಗಬಹುದು, ಲಿವರ್‌ಗೂ ತೊಂದರೆ ಆಗಬಹುದು, ಅದಕ್ಕೇ ಶುರುವಿನಲ್ಲಿ ಬೇಗಬೇಗ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ.

ಒಂದು ಸಂಜೆ ಅಂಗಡಿ ಬಾಗಿಲು ಹಾಕ್ತಿದ್ದಾಗ ಸಿಸ್ಟರ್ ಫೋನ್ ಬಂತು. "ಅಣ್ಣಾ, ಇವತ್ತು ರಾತ್ರಿ ಅಜಥಯೋಪ್ರಿನ್ ತಗೋಬೇಡ್ರಿ. ಬೆಳಗಿನ ರಿಪೋರ್ಟಲ್ಲಿ ಬಿಳಿ ಕಣ ಕಮ್ಮಿ ಬಂದೈತೆ, ಡಾಕ್ಟ್ರು ನೋಡ್ಯಾರೆ. ಜ್ವರ ಗಿರ ಬಂದ್ರೆ ಕಾಯ್ಬೇಡ್ರಿ, ಬಂದ್ಬಿಡ್ರಿ." ನಾನು ರಿಪೋರ್ಟ್ ಕೇಳಿಯೇ ಇರಲಿಲ್ಲ. ಇನ್ನೊಂದು ರಕ್ತ ಪರೀಕ್ಷೆ ಆದ ಮೇಲೆ ಡೋಸ್ ಅರ್ಧ ಮಾಡಿದ್ರು, ಕಣಗಳ ಸಂಖ್ಯೆ ಸರಿಯಾಯ್ತು. ಈ ಕಾಯಿಲೆಯಲ್ಲಿ ಡಾಕ್ಟರಷ್ಟೇ ಮುಖ್ಯ ಇಂಥ ಸಿಸ್ಟರ್. ನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೇಳಿ ತಗೋಬೇಡ್ರಿ, ಅವು ಕರುಳನ್ನ ಕೆರಳಿಸಬಹುದು ಅಂತ ಹೇಳಿದವರೂ ಅವರೇ. ಬೆಣ್ಣೆ ದೋಸೆ ಬಗ್ಗೆ ಕೇಳಿದ್ದಕ್ಕೂ ಬೈಯಲಿಲ್ಲ. ಕಾಯಿಲೆ ತಣ್ಣಗಿದ್ದಾಗ ನಿಮಗೆ ಒಗ್ಗಿದ್ದು ತಿನ್ರಿ, ಒಗ್ಗದ್ದು ಬರೆದಿಟ್ಕೊಳ್ರಿ ಅಂದ್ರು. ನನಗೆ ದೋಸೆ ಒಗ್ಗುತ್ತೆ, ಮಂಡಕ್ಕಿ ಜೊತೆಗಿನ ಮೆಣಸಿನಕಾಯಿ ಒಗ್ಗಲ್ಲ.

ಎನಿಮಾ (ಗುದದ್ವಾರದಿಂದ ಒಳಗೆ ಬಿಡುವ ಔಷಧಿ) ಹಾಕಿಕೊಳ್ಳೋದನ್ನ ಕಲಿಸಿದ್ದೂ ಅವರೇ. ಈಗ ರಾತ್ರಿಯ ಕೆಲಸ ಅದು. ಮೆಸಲಮೈನ್ ಅನ್ನೋ ಉರಿಯೂತ ಇಳಿಸುವ ಔಷಧಿಯ ಬಾಟಲಿಯನ್ನ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸ್ತೀನಿ, ತಣ್ಣಗಿದ್ರೆ ಒಳಗೆ ಹೋದ ಕೂಡಲೆ ಹೊಟ್ಟೆ ಹಿಂಡುತ್ತೆ. ಚೆನ್ನಾಗಿ ಅಲ್ಲಾಡಿಸ್ತೀನಿ, ತಳದಲ್ಲಿ ಪುಡಿ ಕೂತಿರುತ್ತೆ. ಹಳೇ ಟವೆಲ್ ಹಾಸ್ತೀನಿ, ಆ ಔಷಧಿ ಕಲೆ ಬಟ್ಟೆಯಿಂದ ಹೋಗಲ್ಲ. ಎಡಮಗ್ಗುಲಾಗಿ ಮಲಗಿ, ಎಡಗಾಲು ನೀಟಾಗಿ ಚಾಚಿ, ಬಲಮೊಣಕಾಲು ಮಡಚಿ, ನಿಧಾನಕ್ಕೆ ಹಿಂಡ್ತೀನಿ. ದೊಡ್ಡ ಕರುಳಿನ ಕೊನೆಯ ಭಾಗ ಎಡಗಡೆಗೇ ಇರೋದ್ರಿಂದ ಔಷಧಿ ಅಲ್ಲೇ ನಿಲ್ಲುತ್ತೆ. ಅರ್ಧ ಗಂಟೆ ಅಲುಗಾಡದೆ ರೇಡಿಯೋ ಕೇಳ್ತೀನಿ. ಬೆಳಗಿನವರೆಗೂ ಹಿಡಿದಿಟ್ಕೊಂಡ್ರೆ ಆವತ್ತಿಡೀ ದಿನ ಆರಾಮ.

ಖರ್ಚಿನ ವಿಷಯ. ಚಿಲ್ಲರೆ ಅಂಗಡಿಯ ಆದಾಯದಲ್ಲಿ ತಿಂಗಳ ಮಾತ್ರೆ ಬಿಲ್ಲು ಭಾರವೇ. ಅದಕ್ಕೇ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಲ್ಲಿ ಉರಿಯೂತ ಇದ್ರೆ ಹೆಚ್ಚಾಗುವ ಪ್ರೊಟೀನ್) ನೋಡುವ ಪರೀಕ್ಷೆ ನನಗಿಷ್ಟ. 50ಕ್ಕಿಂತ ಕಡಿಮೆ ಬಂದ್ರೆ ಸಹಜ, 250 ದಾಟಿದ್ರೆ ಕರುಳಲ್ಲಿ ಉರಿಯೂತ ಇದ್ದ ಹಾಗೆ. ಪದೇ ಪದೇ ಕೊಲೊನೊಸ್ಕೋಪಿ ತಪ್ಪುತ್ತೆ, ಬರೀ ಡಬ್ಬಿ ಕೊಟ್ಟು ಬಂದ್ರಾಯ್ತು. ಓಪಿಡಿಯಲ್ಲಿ ಪರಿಚಯವಾದ ಹೊಳಲ್ಕೆರೆ ಕಡೆಯ ಹುಡುಗನಿಗೆ ಕ್ರೋನ್ಸ್. ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಉರಿಯೂತ ಇಳಿಸುವ ಔಷಧಿಯ ಡ್ರಿಪ್‌ಗೆ ಬೆಂಗಳೂರಿಗೆ ಹೋಗ್ತಿದ್ದ. ಮೊದಲ ಡೋಸ್, ಎರಡು ವಾರಕ್ಕೆ, ಆರು ವಾರಕ್ಕೆ, ಆಮೇಲೆ ಎಂಟೆಂಟು ವಾರಕ್ಕೊಂದು. ಪ್ರತಿ ಸಲವೂ ರೈಲು, ಲಾಡ್ಜು, ಜೊತೆಗೊಬ್ಬರು. ಈಗ ಇಲ್ಲೇ ಬೆಳಗ್ಗೆ ಡ್ರಿಪ್ ಹಾಕಿಸ್ಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗ್ತಾನೆ. ಇಲ್ಲಿ ಇಂಥ ವಿಭಾಗ ಇರೋದ್ರ ಬೆಲೆ ಅವನ ಅಪ್ಪನಿಗೆ ಗೊತ್ತು, ಎಮ್ಮೆ ಮಾರಿ ಚಿಕಿತ್ಸೆ ಕೊಡಿಸ್ತಿದ್ದವರು ಅವರು.

ಕಾಯಿಲೆ ಶುರುವಾಗಿ ಎಂಟು ವರ್ಷ ಆದವರು ಕ್ಯಾನ್ಸರ್ ತಪಾಸಣೆಗೆ ಕೊಲೊನೊಸ್ಕೋಪಿ ಮಾಡಿಸ್ತಾ ಇರಬೇಕು, ಆರಾಮಾಗಿದ್ರೂ ಸರಿ. ನನ್ನ ಫೈಲ್ ಮೇಲೆ ಡಾಕ್ಟರು ಅದನ್ನ ದೊಡ್ಡದಾಗಿ ಬರೆದಿದ್ದಾರೆ. ನಾನು ಅದನ್ನ ಇದೇ ಆಸ್ಪತ್ರೆಯಲ್ಲೇ ಮಾಡಿಸ್ತೀನಿ. ಹೊಸದಾಗಿ ಹೋಗೋರು ಹಳೇ ರಿಪೋರ್ಟ್, ಒಂದು ಜೊತೆ ಬಟ್ಟೆ ಇಟ್ಕೊಂಡು ಹೋಗಿ. ಟೋಕನ್ ತಗೊಳ್ಳೋಕೆ ಮುಂಚೆ ಗೇಟಲ್ಲೇ ಕೀ ಕೇಳಿ ಇಸ್ಕೊಳ್ಳಿ.