ಹಳೇ ಬಚ್ಚಲಿಗೆ ಹೊಸ ಟೈಲ್ಸ್: ಗಮ್, ಕೋಟಿಂಗ್, ಎಪಾಕ್ಸಿ ಗ್ರೌಟ್ — ಯಾವುದಕ್ಕೆ ದುಡ್ಡು ಹಾಕಬೇಕು?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹಳೇ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸುವಾಗ ಮನೆಯವರ ಗಮನವೆಲ್ಲ ಬಣ್ಣ, ಡಿಸೈನು, ಸೈಜಿನ ಮೇಲೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ತೊಂದರೆ ಬೇರೆ ಕಡೆಯಿಂದ ಶುರುವಾಗುತ್ತದೆ. ಟೈಲ್ಸ್ ನಡುವಿನ ಸಂದಿಗೆ ತುಂಬಿದ ಗ್ರೌಟ್ ಉದುರುತ್ತದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಬಚ್ಚಲ ಗೋಡೆಯ ಆಚೆ ಬದಿಯ ಕೋಣೆಯಲ್ಲಿ ಬಣ್ಣ ಸಿಪ್ಪೆ ಏಳುತ್ತದೆ. ಟೈಲ್ಸ್ ಮಾತ್ರ ಹಾಗೇ ಹೊಳೆಯುತ್ತಿರುತ್ತದೆ. ಅದಕ್ಕೇ ಇಲ್ಲಿ ಟೈಲ್ಸ್ ಬಿಟ್ಟು ಅದನ್ನು ಹಿಡಿದು ನಿಲ್ಲಿಸುವ ಮೂರು ಸಾಮಾನುಗಳ ವಿಮರ್ಶೆ: 20 ಕೆ.ಜಿ. ಚೀಲದಲ್ಲಿ ಬರುವ ಟೈಲ್ಸ್ ಅಡೆಸಿವ್, ಅಂದರೆ ಅಂಗಡಿಗಳಲ್ಲಿ ಎಲ್ಲರೂ ಕೇಳುವ ‘ಗಮ್’. ಎರಡು ಭಾಗ ಕಲಸಿ ಬಳಿಯುವ ವಾಟರ್‌ಪ್ರೂಫ್ ಕೋಟಿಂಗ್. ಮತ್ತು ಎಪಾಕ್ಸಿ ಗ್ರೌಟ್.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಈ ಸೀಮೆಯ ಬಚ್ಚಲಿನಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಬಾಳಿಕೆ ಕೊಡುವುದು ಎಪಾಕ್ಸಿ ಗ್ರೌಟ್. ಗಮ್ ಒಳ್ಳೆಯದೇ, ಆದರೆ ಗೋಡೆ ಸರಿಮಾಡದೆ ಹಚ್ಚಿದರೆ ವ್ಯರ್ಥ. ಕೋಟಿಂಗ್ ನೆಲಕ್ಕೆ ಬೇಕೇ ಬೇಕು. ಹಳೇ ಕಲ್ಲು ಗೋಡೆಯ ತೇವಕ್ಕೆ ಅದು ಮದ್ದಲ್ಲ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇಲ್ಲಿಯ ನೀರು ಮತ್ತು ಬಿಸಿಲು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾವಗಡ, ಮಧುಗಿರಿ, ಬಾಗೇಪಲ್ಲಿ, ಗೌರಿಬಿದನೂರು ಕಡೆ ಬಚ್ಚಲಿಗೆ ಹೆಚ್ಚಾಗಿ ಬರುವುದು ಆಳದ ಬೋರ್‌ವೆಲ್ ನೀರು, ಅದೂ ಗಡಸು ನೀರು. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುವ ಮನೆಗಳಲ್ಲಿ ಅದೇ ಪೊರೆ ಟೈಲ್ಸ್ ಮೇಲೂ ಕೂರುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಆಸಿಡ್ ತರುತ್ತಾರೆ. ಆಸಿಡ್ ಪೊರೆಯ ಜೊತೆಗೆ ಸಂದಿನ ಸಿಮೆಂಟ್ ಗ್ರೌಟನ್ನೂ ತಿನ್ನುತ್ತದೆ. ಹಾಕಿದಾಗ ಗ್ರೌಟ್ ಮೇಲೆ ನೊರೆ ಏಳುವುದು ಕಣ್ಣಿಗೇ ಕಾಣುತ್ತದೆ. ಅದು ಕೊಳೆ ಬಿಡುವ ನೊರೆಯಲ್ಲ, ಗ್ರೌಟ್ ಕರಗುವ ನೊರೆ. ತಿಂಗಳಿಗೊಮ್ಮೆ ಹೀಗೆ ತೊಳೆದರೆ ಸಂದು ತಗ್ಗಾಗಿ, ನೀರು ಒಳಗಿಳಿದು, ಹಿಂದಿನ ಗಾರೆ ನೆನೆಯುತ್ತದೆ. ಈ ಭಾಗದ ಬಚ್ಚಲುಗಳಲ್ಲಿ ಟೈಲ್ಸ್ ಬಿಡುವ ದಾರಿ ಹೆಚ್ಚಾಗಿ ಇದೇ.

ಎಪಾಕ್ಸಿ ಗ್ರೌಟಿನಲ್ಲಿ ಸಿಮೆಂಟೇ ಇಲ್ಲ. ರೆಸಿನ್, ಹಾರ್ಡನರ್, ಬಣ್ಣದ ಪುಡಿ ಮೂರನ್ನೂ ಕಲಸಿ ಸಂದಿಗೆ ತುಂಬುತ್ತಾರೆ. ಗಟ್ಟಿಯಾದ ಮೇಲೆ ನೀರು ಹೀರುವುದಿಲ್ಲ, ಮನೆಯಲ್ಲಿ ಬಳಸುವ ಕ್ಲೀನರುಗಳಿಗೆ ಸಿಮೆಂಟಿನಂತೆ ಕರಗುವುದಿಲ್ಲ. ಇದರ ದೋಷಗಳಿರುವುದು ಹಾಕುವ ಕೆಲಸದಲ್ಲಿ. ಕಲಸಿದ ಮೇಲೆ ಸುಮಾರು ಮುಕ್ಕಾಲು ಗಂಟೆ ಮಾತ್ರ ಕೈಗೆ ಬಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಅರ್ಧ ಗಂಟೆಯೂ ಸಿಗದು. ಆದ್ದರಿಂದ 5 ಕೆ.ಜಿ. ಪ್ಯಾಕನ್ನು ಒಂದೇ ಸಲ ಕಲಸಬಾರದು. ತಕ್ಕಡಿಯಲ್ಲಿ ತೂಗಿ, ಅದೇ ಅನುಪಾತದಲ್ಲಿ ಒಂದೊಂದು ಕೆ.ಜಿ. ಮಾಡಿಕೊಳ್ಳಬೇಕು. ಕಣ್ಣಂದಾಜಿನಲ್ಲಿ ಹಾರ್ಡನರ್ ಸುರಿದರೆ ಕೆಲವು ಸಂದು ವಾರವಾದರೂ ಅಂಟಂಟಾಗಿಯೇ ಉಳಿಯುತ್ತದೆ, ಅದನ್ನು ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಕಲಸಿದ್ದನ್ನು ಬಾಂಡ್ಲಿಯಲ್ಲಿ ಗುಡ್ಡೆ ಹಾಕಿಟ್ಟರೆ ತನ್ನ ಬಿಸಿಗೇ ಬೇಗ ಗಟ್ಟಿಯಾಗುತ್ತದೆ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿಟ್ಟರೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ತುಂಬಿದ ಬೆನ್ನಿಗೇ ಸ್ಪಾಂಜ್ ಒರೆಸುವವನು ಇನ್ನೊಬ್ಬ ಇರಲೇಬೇಕು. ಮ್ಯಾಟ್ ಟೈಲ್ಸ್ ಮೇಲೆ ಒಣಗಿದ ಎಪಾಕ್ಸಿ ಪೊರೆ ಎಣ್ಣೆ ಜಿಡ್ಡಿನಂತೆ ಉಳಿದುಬಿಟ್ಟರೆ ಅದನ್ನು ಬಿಡಿಸುವುದು ಬಲು ಕಷ್ಟ.

ಇನ್ನೊಂದು ಷರತ್ತು: ಸಂದು ಪೂರ್ತಿ ಒಣಗಿರಬೇಕು. ಒದ್ದೆ ಸಂದಿಗೆ ತುಂಬಿದ ಎಪಾಕ್ಸಿ ಅಂಚನ್ನು ಹಿಡಿಯದೆ ಪಟ್ಟಿಯಾಗಿ ಎದ್ದು ಬರುತ್ತದೆ. ಹೊಸ ಗೋಡೆಯಾದರೆ ಟೈಲ್ಸ್ ಅಂಟಿಸಿದ ಮಾರನೆಯ ದಿನ ತುಂಬಬಹುದು. ಹಳೇ ಮನೆಯಲ್ಲಿ ಮೂರು ನಾಲ್ಕು ದಿನ ಫ್ಯಾನ್ ಹಾಕಿ ಬಿಡುವುದು ಕ್ಷೇಮ.

ಎಷ್ಟು ಬೇಕು? 5×7 ಅಡಿ ಬಚ್ಚಲು, ಗೋಡೆಗೆ 7 ಅಡಿ ಎತ್ತರ ಅಂದುಕೊಳ್ಳಿ. ಬಾಗಿಲು ಕಳೆದು ಗೋಡೆ ಸುಮಾರು 150 ಚದರ ಅಡಿ, ನೆಲ 35. ಗೋಡೆಗೆ 1×2 ಅಡಿ, ನೆಲಕ್ಕೆ 1×1 ಅಡಿ ಟೈಲ್ಸ್, ದಪ್ಪ 9 ಮಿ.ಮೀ., ಸಂದು 3 ಮಿ.ಮೀ. ಇಟ್ಟರೆ ಗ್ರೌಟ್ ಒಟ್ಟು 4ರಿಂದ 4.5 ಕೆ.ಜಿ. ಹಿಡಿಯುತ್ತದೆ. ಅಂದರೆ 5 ಕೆ.ಜಿ. ಪ್ಯಾಕ್ ಒಂದು ಸಾಕು. ಬಜೆಟ್ ಇಕ್ಕಟ್ಟಾದರೆ ನೆಲಕ್ಕೂ ಗೋಡೆಯ ಕೆಳಗಿನ 4 ಅಡಿಗೂ ಎಪಾಕ್ಸಿ ಹಾಕಿ, ಮೇಲಿನ ಭಾಗಕ್ಕೆ ಪಾಲಿಮರ್ ಬೆರೆಸಿದ ಸಿಮೆಂಟ್ ಗ್ರೌಟ್ ತುಂಬಿ. ಬಿಳಿ ಸಿಮೆಂಟಿಗೆ ಬಣ್ಣ ಕಲಸಿ ಸಂದಿಗೆ ಒರೆಸುವ ಹಳೇ ಪದ್ಧತಿ ಇಲ್ಲಿಯ ನೀರಿಗೆ ಖಂಡಿತ ಬೇಡ.

‘ಪೇಪರ್ ಜಾಯಿಂಟ್ ಹಾಕಿ, ಗೆರೆ ಕಾಣಬಾರದು’ ಎಂದು ಮನೆಯವರೇ ಮೇಸ್ತ್ರಿಗೆ ಹೇಳುವುದುಂಟು. ದಯವಿಟ್ಟು ಹೇಳಬೇಡಿ. ಕೂದಲೆಳೆಯಷ್ಟು ಸಂದಿನೊಳಗೆ ಯಾವ ಗ್ರೌಟೂ ಇಳಿಯುವುದಿಲ್ಲ, ಮೇಲೆ ಸವರಿದಂತಾಗುತ್ತದೆ ಅಷ್ಟೇ. ಜೊತೆಗೆ ಚಪ್ಪಡಿ ಮಾಡಿನ ಮನೆಗಳಲ್ಲಿ, ಪಡುವಣ ಬಿಸಿಲು ಬೀಳುವ ಗೋಡೆಗಳಲ್ಲಿ, ಹಗಲು ಕಾದು ರಾತ್ರಿ ತಣಿಯುವಾಗ ಟೈಲ್ಸ್ ಹಿಗ್ಗಿ ಕುಗ್ಗಲು ಜಾಗವೇ ಇರುವುದಿಲ್ಲ. ಒಂದನ್ನೊಂದು ಒತ್ತಿ ಎದ್ದು ನಿಲ್ಲುತ್ತವೆ. 2 ಅಥವಾ 3 ಮಿ.ಮೀ. ಸ್ಪೇಸರ್, ಅಂದರೆ ಸಂದು ಸಮನಾಗಿ ಬಿಡಲು ನಡುವೆ ಸಿಕ್ಕಿಸುವ ತುಂಡು, ಇಡಿಸಿ. ಗೋಡೆ ಗೋಡೆ ಸೇರುವ ಮೂಲೆ, ಗೋಡೆ ನೆಲ ಸೇರುವ ಅಂಚಿನಲ್ಲಿ 6 ಮಿ.ಮೀ. ಬಿಟ್ಟು, ಅಲ್ಲಿ ಗ್ರೌಟ್ ಬದಲು ನ್ಯೂಟ್ರಲ್ ಸಿಲಿಕೋನ್ ತುಂಬಿಸಿ. ಮೇಲಿನ ಅಳತೆಯ ಬಚ್ಚಲಿಗೆ 280 ಮಿ.ಲೀ. ಟ್ಯೂಬ್ ಎರಡು ಬೇಕು. ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಸಿಮೆಂಟಿಗೂ ಕಲ್ಲಿಗೂ ಸರಿಹೊಂದುವುದಿಲ್ಲ.

ಇನ್ನು ಗಮ್. ಚೀಲದ ಮೇಲೆ ಟೈಲ್ಸ್ ಗಮ್‌ನ ಭಾರತೀಯ ಮಾನದಂಡವಾದ ಐಎಸ್ 15477 ಎಂಬ ಗುರುತು, ಅದರ ಪಕ್ಕದಲ್ಲಿ ಟೈಪ್ ಸಂಖ್ಯೆ ಇರುತ್ತದೆ. ಟೈಪ್ 1 ಒಳಗೋಡೆಯ ಸಾದಾ ಸೆರಾಮಿಕ್ ಟೈಲ್ಸಿಗೆ. ವಿಟ್ರಿಫೈಡ್ ಟೈಲ್ಸ್ ಅರ್ಧ ಶೇಕಡಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ, ಅದಕ್ಕೆ ಸಿಮೆಂಟ್ ಹಾಲೂ ಹಿಡಿಯದು, ಟೈಪ್ 1 ಕೂಡ ಸಾಲದು; ಟೈಪ್ 2 ಬೇಕು. ಹಳೇ ಮನೆಗೆ ನಮ್ಮ ಸಲಹೆ, ಟೈಲ್ಸ್ ಯಾವುದೇ ಇರಲಿ ಟೈಪ್ 2 ತನ್ನಿ. ರಾಫ್, ಲ್ಯಾಟಿಕ್ರೀಟ್, ವೆಬರ್ ಅಂತ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಟೈಪ್ ಸಂಖ್ಯೆ ಮತ್ತು ತಯಾರಾದ ತಿಂಗಳು ನೋಡುವುದು ಮುಖ್ಯ. ಚೀಲವನ್ನು ಹೊರಗಿನಿಂದ ಒತ್ತಿ ನೋಡಿ. ಬೆರಳಿಗೆ ಪುಡಿಯಾಗದ ಗಂಟು ಸಿಕ್ಕರೆ ತೇವ ತಗುಲಿದೆ ಎಂದರ್ಥ, ವಾಪಸ್ ಕೊಡಿ.

20 ಕೆ.ಜಿ. ಚೀಲ 3 ಮಿ.ಮೀ. ದಪ್ಪಕ್ಕೆ ಸುಮಾರು 50 ಚದರ ಅಡಿ ಬರುತ್ತದೆ. 185 ಚದರ ಅಡಿಗೆ ಲೆಕ್ಕದಲ್ಲಿ ನಾಲ್ಕು ಚೀಲ. ಹಳೇ ಮನೆಯ ಗೋಡೆ ಎಷ್ಟೇ ಸರಿಮಾಡಿದರೂ ಅಲ್ಲಲ್ಲಿ ತಗ್ಗಿರುತ್ತದೆ, ಐದು ತನ್ನಿ. ಟೈಲ್ಸ್ ಕೂಡ ಶೇ. 10 ಹೆಚ್ಚಿಗೆ ತನ್ನಿ, ಏಕೆಂದರೆ ಯಾವ ಮೂಲೆಯೂ ಮೂಲೆಮಟ್ಟಕ್ಕೆ ಕೂರುವುದಿಲ್ಲ, ತುಂಡು ಕತ್ತರಿಸುವುದು ಜಾಸ್ತಿ. ಡಬ್ಬಗಳ ಮೇಲಿನ ಬ್ಯಾಚ್, ಶೇಡ್ ಸಂಖ್ಯೆ ಎಲ್ಲದರಲ್ಲೂ ಒಂದೇ ಇರಲಿ.

ಬಿಸಿಲುಕಾಲದಲ್ಲಿ ಗಮ್ ಕೆಡುವುದು ನೀರು ಆರಿಹೋಗುವುದರಿಂದ. ಗಮ್‌ನಲ್ಲಿರುವ ಸಿಮೆಂಟ್ ಹಿಡಿಯುವ ಮೊದಲೇ ಒಣಗಾಳಿ ನೀರನ್ನು ಎಳೆದುಕೊಳ್ಳುತ್ತದೆ, ಮೇಲೆ ಹಾಲಿನ ಕೆನೆಯಂತೆ ಪದರ ಕಟ್ಟುತ್ತದೆ. ಆ ಪದರದ ಮೇಲೆ ಟೈಲ್ಸ್ ಒತ್ತಿದರೆ ಕೂತಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಬೆರಳು ಮುಟ್ಟಿಸಿ ನೋಡಿ: ಗಮ್ ಬೆರಳಿಗೆ ಅಂಟಬೇಕು, ಅಂಟದಿದ್ದರೆ ಕೆರೆದು ತೆಗೆದು ಹೊಸದು ಹಚ್ಚಬೇಕು. ನೀರು ಚಿಮುಕಿಸಿ ಮತ್ತೆ ಕಲಸಿಕೊಳ್ಳುವುದು ತಪ್ಪು. ಒಂದು ಸಲಕ್ಕೆ ಎರಡು ಮೂರು ಟೈಲ್ಸ್ ಕೂರುವಷ್ಟು ಜಾಗಕ್ಕೆ ಮಾತ್ರ ಹಚ್ಚಲಿ. ಮಹಡಿ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಸ್ನಾನಕ್ಕಾಗುವಷ್ಟು ಬಿಸಿಯಿರುತ್ತದೆ, ಅದರಲ್ಲಿ ಕಲಸಿದ್ದು ಬೇಗ ಬಿಗಿಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ತಂದು ನೆರಳಲ್ಲಿಡಿ. ಚೀಲಕ್ಕೆ 5 ಲೀಟರ್ ಆಸುಪಾಸು ಬೇಕು, ನಿಖರವಾದ ಅಳತೆ ಚೀಲದ ಮೇಲೇ ಇರುತ್ತದೆ. ಖರ್ಚು ಅಲ್ಪ, ಗಡಸು ನೀರಿನ ಉಪ್ಪು ಗಾರೆಯೊಳಗೆ ಸೇರುವುದೂ ತಪ್ಪುತ್ತದೆ. ನೀರಿಗೆ ಪುಡಿ ಹಾಕಿ, ಡ್ರಿಲ್ಲಿಗೆ ಕಲಸುವ ಕಡ್ಡಿ ಸಿಕ್ಕಿಸಿ ತಿರುಗಿಸಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಿರುಗಿಸಬೇಕು. ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಡಿ.

ಮೇಸ್ತ್ರಿಗಳ ಕೈಯಲ್ಲಿ ಕೂತುಬಿಟ್ಟಿರುವ ಎರಡು ಅಭ್ಯಾಸ ಗಮ್ ಜೊತೆ ನಡೆಯುವುದಿಲ್ಲ. ಮೊದಲನೆಯದು ಟೈಲ್ಸನ್ನು ನೀರಲ್ಲಿ ನೆನೆಹಾಕುವುದು. ಸಿಮೆಂಟ್ ಗಾರೆಗೆ ಅದು ಸರಿ, ಗಮ್‌ಗೆ ಒಣ ಟೈಲ್ಸೇ ಬೇಕು. ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡನೆಯದು ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಒತ್ತುವುದು. ಉಂಡೆಗಳ ನಡುವಿನ ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಮೂಲೆಗೆ ಬಕೆಟ್ ತಗುಲಿದರೆ ಟೈಲ್ಸ್ ಸೀಳುತ್ತದೆ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲ್ಸ್ ಒತ್ತಿ ತುಸು ಸರಿಸಿ ಕೂರಿಸಬೇಕು. ಕೆಲಸ ಶುರುವಾದಾಗ ಒಂದನ್ನು ಕಿತ್ತು ತಿರುಗಿಸಿ ನೋಡಿ. ಬಚ್ಚಲಿನಲ್ಲಿ ಬೆನ್ನಿನ ಶೇ. 95 ಭಾಗಕ್ಕೆ ಗಮ್ ಹತ್ತಿರಬೇಕು.

ಇದೆಲ್ಲ ನಿಲ್ಲುವುದು ಗೋಡೆಯ ಮೇಲೆ. ಈ ಕಡೆಯ ಹಳೇ ಮನೆಗಳು ಸೈಜುಗಲ್ಲು ಅಥವಾ ಇಟ್ಟಿಗೆಯನ್ನು ಮಣ್ಣಿನಲ್ಲಿ ಕಟ್ಟಿ ಸುಣ್ಣದ ಗಾರೆ ಮೆತ್ತಿದವು. ಬಚ್ಚಲಿನಲ್ಲಿ ಹಂಡೆ ಒಲೆಯ ಮಸಿಯೂ ಸೇರಿರುತ್ತದೆ. ಸುಣ್ಣ, ಡಿಸ್ಟೆಂಪರ್, ಮಸಿ ಯಾವುದರ ಮೇಲೂ ಗಮ್ ನಿಲ್ಲದು. ಅದು ಪದರವನ್ನು ಹಿಡಿಯುತ್ತದೆ, ಪದರ ಗೋಡೆಯನ್ನು ಬಿಡುತ್ತದೆ. ಹಳೇ ಗಾರೆಯನ್ನು ಕಲ್ಲು ಕಾಣುವವರೆಗೆ ಕೆಡವಬೇಕು. ಕಲ್ಲುಗಳ ನಡುವಿನ ಮಣ್ಣನ್ನು ಅರ್ಧ ಇಂಚಿನಷ್ಟು ಕೆದಕಿ ತೆಗೆದು, ಬ್ರಷ್ ಹೊಡೆದು, ಆ ಸಂದಿಗೆ ಸಿಮೆಂಟ್ ಗಾರೆ ತುಂಬಬೇಕು. ಕೋಳಿ ಮೆಶ್ ಮೊಳೆ ಹೊಡೆದು ಬಿಗಿದು, ಅದರ ಮೇಲೆ 1:4 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಗಾರೆ 12ರಿಂದ 15 ಮಿ.ಮೀ. ಬಳಿಸಿ, ಏಳು ದಿನ ನೀರು ಹೊಡೆದು, ಆಮೇಲೆ ಚೆನ್ನಾಗಿ ಒಣಗಲು ಬಿಡಿ. ಎರಡು ಇಂಚು ತಗ್ಗನ್ನು ಗಮ್‌ನಲ್ಲೇ ತುಂಬುತ್ತೇನೆ ಎನ್ನುವವರನ್ನು ತಡೆಯಿರಿ. ಅಷ್ಟು ದಪ್ಪದ ಗಮ್ ಒಣಗುವಾಗ ಕುಗ್ಗಿ ಟೈಲ್ಸನ್ನು ಎಳೆಯುತ್ತದೆ.

ಮಣ್ಣಿನ ಗೋಡೆಗೆ ನೆಲದಿಂದ ತೇವ ಏರುತ್ತಿದ್ದರೆ ಟೈಲ್ಸ್ ಅದನ್ನು ತಡೆಯುವುದಿಲ್ಲ, ಆಚೆ ಬದಿಗೆ ತಳ್ಳುತ್ತದೆ. ಕೋಣೆಯ ಕಡೆ ಬಿಳಿ ಉಪ್ಪು ಒಡೆಯುವುದು ಇದರಿಂದಲೇ. ಕೋಟಿಂಗ್ ಮಾರುವವರು ಎರಡು ಕೋಟಿನಲ್ಲಿ ನಿಲ್ಲುತ್ತದೆ ಎಂದರೂ ನಂಬಬೇಡಿ. ಟೈಲ್ಸನ್ನು 7 ಅಡಿಗೇ ನಿಲ್ಲಿಸಿ, ಮೇಲಿನ ಗೋಡೆಗೂ ಆಚೆ ಬದಿಗೂ ಸುಣ್ಣವನ್ನೇ ಹೊಡೆಸಿ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವಕ್ಕೆ ಹೋಗಲು ದಾರಿಯಿರದು.

ಕೋಟಿಂಗಿನ ನಿಜವಾದ ಜಾಗ ನೆಲ, ನೆಲದಿಂದ ಗೋಡೆಗೆ ಒಂದು ಅಡಿ, ಶವರ್ ಇರುವ ಗೋಡೆಗೆ 6 ಅಡಿ. ನಮ್ಮ ಉದಾಹರಣೆಯ ಬಚ್ಚಲಿಗೆ ಸುಮಾರು 85 ಚದರ ಅಡಿ. ಹಳೇ ಬಚ್ಚಲಲ್ಲಿ ಚಪ್ಪಡಿ ಮಣ್ಣಿನ ಮೇಲೇ ಹಾಸಿರುತ್ತದೆ. ಕಾಲಿಟ್ಟರೆ ಅಲುಗುವ ಚಪ್ಪಡಿಯ ಮೇಲೆ ಏನು ಹಾಕಿದರೂ ಬಿರುಕು ಖಚಿತ. ಎತ್ತಿಸಿ, ಮಣ್ಣು ದಮ್ಮಸ್ ಮಾಡಿಸಿ, 3 ಇಂಚು ಕಾಂಕ್ರೀಟ್ ಹಾಕಿಸಿ, ನಾನಿ ಟ್ರಾಪ್ (ಬಚ್ಚಲ ನೀರು ಹೊರಹೋಗುವ ಕಿಂಡಿ) ಕಡೆಗೆ 5 ಅಡಿಗೆ ಮುಕ್ಕಾಲು ಇಂಚು ವಾಟ ಕೊಡಿಸಿ. ವಾಟವನ್ನು ಕಾಂಕ್ರೀಟು, ಗಾರೆಯಲ್ಲೇ ಕೊಡಬೇಕು, ಗಮ್‌ನಲ್ಲಿ ಕೊಡಲಾಗದು. ಮೂಲೆಗಳಿಗೂ ಟ್ರಾಪ್ ಸುತ್ತಲೂ ಫೈಬರ್ ಜಾಲರಿ ಇಟ್ಟು, ಮೊದಲ ಕೋಟ್ ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ ಹೊಡೆಯಬೇಕು. ಎರಡನೇ ಕೋಟ್ ಪೂರ್ತಿ ಒಣಗಿದ ಮೇಲೆ ಟ್ರಾಪ್ ಮುಚ್ಚಿ, ಎರಡು ಇಂಚು ನೀರು ಕಟ್ಟಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ಈ ಪರೀಕ್ಷೆ ಮಾಡದ ಮೇಸ್ತ್ರಿಗೆ ಕೋಟಿಂಗಿನ ಕೂಲಿ ಕೊಡುವ ಅಗತ್ಯವಿಲ್ಲ. ನೀರು ತಗ್ಗದಿದ್ದರೆ ಗಮ್ ಹಚ್ಚಿ ಟೈಲ್ಸ್ ಹಾಕಬಹುದು. ನುಣುಪು ಕೋಟಿಂಗ್ ಮೇಲೆ ಎರಡು ಇಂಚು ಮರಳು ಗಾರೆ ಸುರಿದು ಟೈಲ್ಸ್ ಕೂರಿಸಿದರೆ ಆ ಗಾರೆಯೊಳಗೇ ನೀರು ತುಂಬಿಕೊಳ್ಳುತ್ತದೆ.

ಕೂಲಿ ಮಾತಾಡುವಾಗ ಚದರ ಅಡಿ ದರದೊಳಗೆ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ: ಹಳೇ ಗಾರೆ ಕೆಡವುವುದು, ಮೆಶ್, ಗಾರೆ, ಕೋಟಿಂಗ್, ಎಪಾಕ್ಸಿ. ಎಪಾಕ್ಸಿಗೆ ಬೇರೆ ದರ ಕೇಳುತ್ತಾರೆ, ಅದು ನ್ಯಾಯವೇ, ಇಬ್ಬರ ಕೆಲಸ. ಕೊನೆಯ ಕಂತು ಕೊಡುವ ಮೊದಲು ನಾಣ್ಯದಿಂದ ಪ್ರತಿ ಟೈಲ್ಸಿನ ನಾಲ್ಕು ಮೂಲೆ ತಟ್ಟಿ, ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬದಲಾಯಿಸಿಕೊಳ್ಳಿ. ಆಮೇಲಿನ ದಿನಗಳಲ್ಲಿ ಗಡಸು ನೀರಿನ ಪೊರೆ ಕಟ್ಟದಂತೆ ಸ್ನಾನವಾದ ಮೇಲೆ ವೈಪರ್‌ನಿಂದ ಗೋಡೆ ನೆಲ ಎಳೆದುಬಿಡಿ. ಕಟ್ಟಿದ ಪೊರೆಗೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿನಲ್ಲಿ ಕರಗಿಸಿ ಹಚ್ಚಿ, ಹತ್ತು ನಿಮಿಷದೊಳಗೆ ತೊಳೆದರೆ ಬಿಡುತ್ತದೆ. ಮೇಲ್ಭಾಗದಲ್ಲಿ ಸಿಮೆಂಟ್ ಗ್ರೌಟ್ ಇದ್ದರೆ ಅಲ್ಲಿಗೆ ಅದನ್ನೂ ತಾಗಿಸಬೇಡಿ.